ಬಾಣಾಯಿಯಿಂದ ಆರ್ಚಿಯ ತನಕ

ಬೀದರ್ ಬಿಟ್ಟು ಭಾಲ್ಕಿಯ ಕಡೆ ಹೊರಟ ರೈಲು ಹಲಬರ್ಗಾ ಮುಟ್ಟುವ ಮೊದಲು ಖಾನಾಪುರ ದಾಟುತ್ತದೆ. ಮೈಲಾರ ಮಲ್ಲಣ್ಣನ ಗುಡಿಯ ಊರು ಅದು. ಮಲ್ಲಣ್ಣನೆಂದರೆ ಮರಾಠಿಯವರ ಖಂಡೋಬಾ. ಅವನ ಮೊದಲ ಹೆಂಡತಿ ಮ್ಹಾಳಸಾ ಲಿಂಗಾಯತ ವಾಣಿಯರ ಮಗಳು, ಎರಡನೆಯವಳು ಬಾಣಾಯಿ, ಕುರಿ ಕಾಯುವ ಧನಗರರ ಹುಡುಗಿ. ಮರಾಠಿ ಜನಪದ ಹಾಡುಗಳಲ್ಲಿ ದೇವರು ಮ್ಹಾಳಸಾಳ ಜೊತೆ ಪಗಡೆಯಾಡಿ ಸೋಲುತ್ತಾನೆ, ಮನೆ ಬಿಡುತ್ತಾನೆ, ವೇಷ ಮರೆಸಿಕೊಂಡು ಬಾಣಾಯಿಯ ತಂದೆಯ ಹತ್ತಿರ ಆಳಾಗಿ ಸೇರಿ ಕುರಿ ಕಾಯುತ್ತಾನೆ. ಕೊನೆಗೆ ಅವಳನ್ನು ಮದುವೆಯಾಗಿ ಮನೆಗೆ ಕರೆತಂದರೆ ಸವತಿಯರ ಜಗಳ. ಕೇಳುವವರಿಗೆ ಅತಿ ಪ್ರಿಯವಾದ ಭಾಗವೂ ಅದೇ.

ಹುಡುಗಿಗಾಗಿ ಆಕೆಯ ಮನೆಯಲ್ಲೇ ಆಳಾಗಿ ದುಡಿಯುವ ನಾಯಕ, ನಡುವೆ ಜಾತಿ ಮತ್ತು ಅಂತಸ್ತಿನ ಗೋಡೆ, ಇಬ್ಬರು ಹೆಂಗಸರ ಮಧ್ಯೆ ಸಿಕ್ಕಿಬಿದ್ದ ಗಂಡಸು. ಪ್ರೇಮಕಥೆಯ ಸಿನಿಮಾ ಮುಂದೆ ನೂರಾರು ಸಲ ಬಳಸಿದ ಸರಕೆಲ್ಲ ಈ ಸೀಮೆಯ ದೇವರ ಕಥೆಯಲ್ಲೇ ಇತ್ತು. ದೇವರಾದ್ದರಿಂದ ಅವನಿಗೆ ಎಲ್ಲವೂ ದಕ್ಕಿತು ಅನ್ನುವುದು ಬೇರೆ ಮಾತು.

ಮನುಷ್ಯರಿಗೆ ದಕ್ಕಲಿಲ್ಲ. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅರಸ ಬಿಜ್ಜಳ ಇಬ್ಬರು ತಂದೆಯರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ ಎಂದು ಶರಣ ಪರಂಪರೆ ಹೇಳುತ್ತದೆ. ಅದು ಪ್ರೇಮವಿವಾಹವಲ್ಲ, ಹಿರಿಯರೇ ನಿಂತು ಮಾಡಿಸಿದ್ದು. ಮನೆಯವರು ಒಪ್ಪಿದರೂ ಅರಸ ಒಪ್ಪಲಿಲ್ಲ. ಯಾರು ಒಪ್ಪಬೇಕು, ಯಾರು ಒಲ್ಲೆ ಅನ್ನುತ್ತಾರೆ ಎಂಬ ಈ ಪ್ರಶ್ನೆಯ ಮೇಲೆಯೇ ಮುಂದೆ ಬೆಳ್ಳಿತೆರೆಯ ಪ್ರೇಮಕಥೆ ನಿಂತಿತು. ಒಲ್ಲೆ ಅನ್ನುವವರು ಬದಲಾದಂತೆಲ್ಲ ಸಿನಿಮಾದ ಕಾಲವೂ ಬದಲಾಗಿದೆ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಾಗ ಹಲಬರ್ಗಾ ನಿಜಾಮರ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ದೊಡ್ಡ ಪಟ್ಟಣವೆಂದರೆ ಹೈದರಾಬಾದ್. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ, ಉದಗೀರ ಮುಂಬಯಿಗೆ, ಜಹೀರಾಬಾದ್ ಆಂಧ್ರಕ್ಕೆ. ಗಡಿ ಬದಲಾಯಿತು, ಜನರ ಕಿವಿ ಬದಲಾಗಲಿಲ್ಲ. ‘ಮುಘಲ್-ಎ-ಆಜಮ್’ (1960) ನೋಡಿದರೆ ಅಕ್ಬರನ ಉರ್ದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ್ದಲ್ಲ. ಬೆಂಗಳೂರಿನ ಪ್ರೇಕ್ಷಕನ ಪ್ರೇಮಕಥೆ ಬಹುಮಟ್ಟಿಗೆ ಕನ್ನಡದ್ದಾದರೆ, ಬೀದರ್ ಕಡೆಯವನದು ನಾಲ್ಕು ಭಾಷೆಗಳದ್ದು.

ಆ ಕಾಲದ ಹಿಂದಿ-ತೆಲುಗು ಚಿತ್ರಗಳಲ್ಲಿ ಒಲ್ಲೆ ಅನ್ನುವವನು ತಂದೆ. ಸಲೀಮನ ತಂದೆಗೆ ಸಿಂಹಾಸನವಿದೆ, ದೇವದಾಸನ ತಂದೆಗೆ ಜಮೀನುದಾರಿಕೆಯ ಠೀವಿ. ಅಕ್ಕಿನೇನಿ ನಾಗೇಶ್ವರರಾವ್ 1953ರ ತೆಲುಗು ‘ದೇವದಾಸು’ವಿನಲ್ಲಿ ಕುಡಿದು ಸೋತ ಪ್ರೇಮಿಯ ಮುಖವನ್ನು ಎಷ್ಟು ಚೆನ್ನಾಗಿ ಕೂರಿಸಿದರೆಂದರೆ, ಮುಂದೆ ಯಾವ ಭಾಷೆಯ ಸೋತ ಪ್ರೇಮಿಗೂ ಗಡ್ಡ ಮತ್ತು ಬಾಟಲಿ ಕಡ್ಡಾಯವಾಯಿತು. 1978ರ ‘ಮರೋ ಚರಿತ್ರ’ದಲ್ಲಿ ಹುಡುಗ ತಮಿಳಿನವನು, ಹುಡುಗಿ ತೆಲುಗಿನವಳು, ಜಗಳ ಭಾಷೆಯದ್ದು. ವರ್ಷವಿಡೀ ದೂರವಿದ್ದು ತೋರಿಸಿ ಎಂದು ಹೆತ್ತವರು ಷರತ್ತು ಹಾಕುತ್ತಾರೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವ ಬೀದರಿನ ಜನಕ್ಕೆ ಭಾಷೆಗಾಗಿ ಪ್ರೇಮಿಗಳು ಸಾಯುವುದು ಸ್ವಲ್ಪ ಅತಿ ಅನ್ನಿಸಿದರೆ ಆಶ್ಚರ್ಯವಿಲ್ಲ. ಜಾತಿಗಾಗಿ ಎಂದರೆ ಮಾತ್ರ ಯಾರೂ ಅತಿ ಅನ್ನುವುದಿಲ್ಲ.

ಕನ್ನಡದಲ್ಲಿ ಪೆಟ್ಟು ಬೇರೆ ಕಡೆಯಿಂದ ಬಿತ್ತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ‘ಬೆಳ್ಳಿಮೋಡ’ ಮಾಡಿದರು. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ, ಆಕೆಯ ತಂದೆಯ ಹಣದಲ್ಲಿ ವಿದೇಶಕ್ಕೆ ಓದಲು ಹೋಗುವ ಮೋಹನ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ಆಸ್ತಿಯ ಲೆಕ್ಕ ಬದಲಾಗುತ್ತದೆ, ಹಿಂದಿರುಗಿದ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಇಂದಿರಾಳ ಆರೈಕೆಯಲ್ಲಿ ಚೇತರಿಸಿಕೊಂಡ ಅವನು ಪಶ್ಚಾತ್ತಾಪಪಟ್ಟು ಮದುವೆಯಾಗೋಣ ಅನ್ನುತ್ತಾನೆ. ಅದುವರೆಗಿನ ರೂಢಿಯಂತೆ ಇಲ್ಲಿ ವಾಲಗ ಊದಬೇಕಿತ್ತು. ಕಲ್ಪನಾ ಅಭಿನಯಿಸಿದ ಇಂದಿರಾ ಬೇಡ ಅನ್ನುತ್ತಾಳೆ. ಅಪ್ಪನಲ್ಲ, ಊರಲ್ಲ, ಹುಡುಗಿಯೇ ಒಲ್ಲೆ ಎಂದದ್ದು ಸಣ್ಣ ಸಂಗತಿಯಲ್ಲ. ಮಹಿಳೆಯರ ಕಾದಂಬರಿಗಳಿಂದ ಕನ್ನಡ ಸಿನಿಮಾಕ್ಕೆ ಬಂದ ಬಲ ಇದು. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ವಾಣಿಯವರ ‘ಎರಡು ಕನಸು’ ಇದೇ ದಾರಿಯಲ್ಲಿ ತೆರೆಗೆ ಬಂದವು.

1972ರ ‘ನಾಗರಹಾವು’ ಚಿತ್ರದಲ್ಲಿ ಅಡ್ಡ ಬರುವವರು ಮೇಷ್ಟ್ರು. ರಾಮಾಚಾರಿ ಯಾರ ಮಾತಿಗೂ ಬಗ್ಗದವನು, ಚಾಮಯ್ಯ ಮೇಷ್ಟ್ರ ಮಾತಿಗೆ ಬಗ್ಗಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಪ್ರೀತಿಯಿಂದಲೇ ಕೇಳಿದ ಆ ತ್ಯಾಗ ಮೂವರ ಬದುಕನ್ನೂ ಕೆಡಿಸುತ್ತದೆ. ಅರಸನ ಖಡ್ಗಕ್ಕಿಂತ ಮೇಷ್ಟ್ರ ಅಕ್ಕರೆ ಹೆಚ್ಚು ಹಾನಿ ಮಾಡಬಲ್ಲದು ಎಂದು ಅಷ್ಟು ನಿಷ್ಠುರವಾಗಿ ಹೇಳಿದ ಚಿತ್ರ ಕನ್ನಡದಲ್ಲಿ ವಿರಳ.

ನಡುವೆ ಬಂದ ‘ಪ್ರೇಮಲೋಕ’ (1987) ಕಾಲೇಜು, ಬೈಕು, ಹಂಸಲೇಖರ ಹಾಡುಗಳ ಹಬ್ಬ. ಕ್ಯಾಸೆಟ್ ಸಿಕ್ಕಲ್ಲೆಲ್ಲ ಅದು ತಲುಪಿತು.

2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ಯಲ್ಲಿ ಇನ್ನೊಂದು ತಿರುವು. ಹುಡುಗಿ ಒಪ್ಪಿದ್ದಾಳೆ, ನೇರವಾಗಿ ಒಲ್ಲೆ ಎಂದು ಅಡ್ಡ ನಿಲ್ಲುವವರಿಲ್ಲ. ಆದರೂ ಪ್ರೀತಮ್ ತಾನೇ ಹಿಂದೆ ಸರಿದು ನಂದಿನಿಯನ್ನು ನಿಶ್ಚಯವಾದ ವರನಿಗೆ ಬಿಟ್ಟುಕೊಡುತ್ತಾನೆ. ಅವನ ಜೊತೆಗಿರುವ ಮೊಲದ ಹೆಸರೇ ದೇವದಾಸ. ಯೋಗರಾಜ ಭಟ್ಟರ ಮಾತಿನ ಚುರುಕು, ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಬಿಡದೆ ಸುರಿಯುವ ಮಳೆ ಎಲ್ಲ ಸೇರಿ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ಗೋಡೆಯನ್ನು ಹೊರಗೆ ಕಟ್ಟುವವರು ಇಲ್ಲವಾದಾಗ ನಾಯಕ ಅದನ್ನು ತನ್ನೊಳಗೇ ಕಟ್ಟಿಕೊಂಡ. ಅಳುವ ಪ್ರೇಕ್ಷಕನಿಗೆ ಇದರಲ್ಲೊಂದು ಅನುಕೂಲವಿದೆ: ಯಾರ ಮೇಲೂ ಸಿಟ್ಟಾಗಬೇಕಿಲ್ಲ.

ಆ ಅನುಕೂಲವನ್ನು ನಿರ್ದೇಶಕ ನಾಗರಾಜ್ ಮಂಜುಳೆ ಕಿತ್ತುಕೊಂಡರು. 2016ರ ಏಪ್ರಿಲ್‌ನಲ್ಲಿ ಬಂದ ಮರಾಠಿ ‘ಸೈರಾಟ್’ ಸೊಲ್ಲಾಪುರ ಜಿಲ್ಲೆಯ ಕರಮಾಳಾ ಸೀಮೆಯ ಕಥೆ. ಪಾಟೀಲರ ಮಗಳು ಆರ್ಚಿ, ಕೆಳಜಾತಿಯ ಮೀನುಗಾರನ ಮಗ ಪರ್ಶ್ಯಾ. ಮೊದಲರ್ಧ ಬೇಕೆಂದೇ ಹಳೆಯ ರೂಢಿಯದ್ದು: ಬಾವಿಯಲ್ಲಿ ಈಜು, ಕದ್ದು ನೋಟ, ನಿಧಾನ ಚಲನೆ, ಅಜಯ್-ಅತುಲ್ ವಾದ್ಯಮೇಳದ ಅಬ್ಬರ. ಟ್ರ್ಯಾಕ್ಟರ್ ಮತ್ತು ಬುಲೆಟ್ ಓಡಿಸುವವಳು ಹುಡುಗಿ, ಅಷ್ಟೇ ವ್ಯತ್ಯಾಸ. ಇಬ್ಬರೂ ಓಡಿಹೋಗಿ ಸೇರುವುದು ಹೈದರಾಬಾದಿಗೆ, ಬೀದರ್ ಸೀಮೆಯವರೂ ದುಡಿಮೆಗೆ ಹೋಗುವ ಊರಿಗೆ. ಅಲ್ಲಿ ಹಾಡು ನಿಲ್ಲುತ್ತದೆ. ತೆಲುಗು ಬಾರದ ಆರ್ಚಿ ಜೋಪಡಿಯಲ್ಲಿ ಕುಳಿತು ಮನೆ ನೆನೆದು ಅಳುತ್ತಾಳೆ, ಕೈಯಲ್ಲಿ ಕಾಸಿಲ್ಲ, ಇಬ್ಬರಿಗೂ ಜಗಳ, ಅನುಮಾನ. ಓಡಿಹೋದ ಮೇಲೆ ಏನು ಎಂದು ಪ್ರೇಮಚಿತ್ರಗಳು ಇಷ್ಟು ಹೊತ್ತು ನಿಂತು ನೋಡಿದ್ದು ಕಡಿಮೆ. ಕೊನೆಗೆ ತವರಿನ ಸೀರೆ-ಉಡುಗೊರೆ ಹಿಡಿದು ಅವಳ ಸಹೋದರ ಬರುತ್ತಾನೆ, ಗಂಡಹೆಂಡಿರಿಬ್ಬರೂ ಹೆಣವಾಗುತ್ತಾರೆ.

ಆರ್ಚಿಯಾಗಿ ನಟಿಸಿದ್ದ ರಿಂಕು ರಾಜಗುರು ಅವರನ್ನೇ ನಾಯಕಿಯಾಗಿಟ್ಟುಕೊಂಡು ಎಸ್. ನಾರಾಯಣ್ 2017ರಲ್ಲಿ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಮಾಡಿದರು, ಮೂಲದ ಗೆಲುವು ಅದಕ್ಕೆ ಸಿಗಲಿಲ್ಲ. ಹಿಂದಿಯ ‘ಧಡಕ್’ (2018) ಕಥೆಯನ್ನು ಉದಯಪುರಕ್ಕೆ ಒಯ್ದು ಜಾತಿಯ ಮಾತನ್ನು ಮಸುಕು ಮಾಡಿತು. ಗಡಿಯ ಈಚೆಗೆ ರೀಮೇಕಿನ ಅಗತ್ಯವೇ ಕಡಿಮೆ, ಭಾಲ್ಕಿ-ಔರಾದಿನ ಎಷ್ಟೋ ಮನೆಗಳಲ್ಲಿ ಮರಾಠಿ ಅಡುಗೆಮನೆಯ ಭಾಷೆ. ಆರ್ಚಿ ಓಡಾಡುವ ಕಬ್ಬಿನ ಗದ್ದೆ, ಕಲ್ಲು ಕಟ್ಟಿದ ಬಾವಿ, ವಾಡೆಯ ಮುಂದಿನ ಕಟ್ಟೆ ಈ ಸೀಮೆಯವೂ ಹೌದು. ಕನ್ನಡದ ಪ್ರೇಮಚಿತ್ರಗಳೋ ಬಹುಪಾಲು ಮಲೆನಾಡು, ಕೊಡಗು, ಜೋಗದ ಮಳೆಯಲ್ಲೇ ನೆನೆದವು. ಹಲಬರ್ಗಾದ ಹುಡುಗ-ಹುಡುಗಿಗೆ ತಮ್ಮೂರಿನಂಥ ಊರನ್ನು ತೆರೆಯ ಮೇಲೆ ಕಾಣಲು ಮರಾಠಿ ಸಿನಿಮಾವೇ ಬೇಕಾಯಿತು.