ಸೂರಿನಿಂದ ಊರಿಗೆ ಎಷ್ಟು ದೂರ?

ರಜೆಯಲ್ಲಿ ಊರಿಗೆ ಹೋದಾಗ ಹಿರಿಯರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದು. ಲೆಕ್ಕ ಹೇಳುವುದೇನೋ ಸುಲಭ. ನೇರ ಗೆರೆ ಎಳೆದು ಅಳೆದರೆ ಸೂರಿನಿಂದ ಮಂಗಳೂರಿಗೆ ಸುಮಾರು 1,950 ಕಿಲೋಮೀಟರು. ಆದರೆ ಸೂರಿನಿಂದ ಅಲ್ಲಿಗೆ ವಿಮಾನವಿಲ್ಲ. ರಸ್ತೆಯಲ್ಲಿ ಸುಮಾರು 200 ಕಿಲೋಮೀಟರು ಸಾಗಿ ಮಸ್ಕತ್ ಸೇರಬೇಕು. ಅಲ್ಲಿಂದ ಮಂಗಳೂರಿಗೆ ಸುಮಾರು 2,100 ಕಿಲೋಮೀಟರು. ನೇರ ವಿಮಾನ ಸಿಕ್ಕರೆ ಹೆಚ್ಚುಕಡಿಮೆ 3 ಗಂಟೆಯ ಹಾರಾಟ. ಊರಿನ ಗಡಿಯಾರ ಒಂದೂವರೆ ಗಂಟೆ ಮುಂದಿರುವುದರಿಂದ, ಹೋಗುವಾಗ ನಾಲ್ಕೂವರೆ ಗಂಟೆ ಕಳೆದಂತೆಯೂ ಬರುವಾಗ ಒಂದೂವರೆ ಗಂಟೆಯಲ್ಲೇ ಬಂದಿಳಿದಂತೆಯೂ ತೋರುತ್ತದೆ. ಆದರೆ ಈ ದಾರಿಯ ಚರಿತ್ರೆಯನ್ನು ನೋಡಿದರೆ, ದೂರವೆಂಬುದು ಮೈಲಿಗಿಂತ ಹೆಚ್ಚಾಗಿ ಕಾಯುವಿಕೆಯ ಮಾತೆಂದು ತಿಳಿಯುತ್ತದೆ.

14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತನ ಹಡಗು ಸೂರಿನಲ್ಲಿ ಲಂಗರು ಹಾಕಿತು. ಬೆಟ್ಟದ ಇಳಿಜಾರಿನಲ್ಲಿ ಕಂಡ ಕಲ್‌ಹಾತ್ ಪಟ್ಟಣ ಹತ್ತಿರವೇ ಇದೆಯೆಂದು ನಂಬಿ, ಭಾರತೀಯ ಸಂಗಡಿಗನೊಬ್ಬನೊಡನೆ ಅವನು ನಡೆದೇ ಹೊರಟ. ತಲಪುವಷ್ಟರಲ್ಲಿ ಕಾಲು ಬಾತುಹೋಗಿತ್ತು. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ಅವನಿಗೆ ತಿಳಿದಿರಲಿಲ್ಲ! ಇದೇ ಬತೂತ ಮುಂದೆ ನಮ್ಮ ಹೊನ್ನಾವರಕ್ಕೂ ಬಂದ.

ನೂರು ವರ್ಷಗಳ ಬಳಿಕ ಬಂದವನು ಹಿರಾತಿನ ದೊರೆ ಷಾರುಖನ ರಾಯಭಾರಿ ಅಬ್ದುಲ್ ರಜಾಕ್. 1442ರಲ್ಲಿ ಹೊರ್ಮುಜ್ ಬಂದರಿನಲ್ಲಿ ತಡವಾಗಿ, ಅವನಿಗೆ ಒಳ್ಳೆಯ ಗಾಳಿಯ ಕಾಲ ತಪ್ಪಿಹೋಯಿತು. ಒಮಾನ್ ತೀರದ ಬೇಗೆಯಲ್ಲಿ ಕಾದು ಕುಳಿತ; ಅವನ ಸೋದರ ಇಲ್ಲೇ ತೀರಿಕೊಂಡ. ಕಡೆಗೆ ಹಡಗು ಹೊರಟ ಮೇಲೆ ಕಲ್ಲಿಕೋಟೆ ಸೇರಲು ಹಿಡಿದದ್ದು 18 ಹಗಲು, 18 ರಾತ್ರಿ ಮಾತ್ರ. ಅಲ್ಲಿಂದ ಇಮ್ಮಡಿ ದೇವರಾಯನ ಕರೆಯ ಮೇರೆಗೆ ಮಂಗಳೂರು, ಬಿದನೂರು ಹಾದು ವಿಜಯನಗರವನ್ನು ಕಂಡ. 1444ರಲ್ಲಿ ಹೊನ್ನಾವರದಿಂದ ಹೊರ್ಮುಜ್‌ಗೆ ಮರಳಲು ಮಾತ್ರ 65 ದಿನ ಬೇಕಾಯಿತು.

ಎಲ್ಲವೂ ಗಾಳಿಯ ಕೈಯಲ್ಲಿತ್ತು. ನೈಋತ್ಯ ಮಾರುತ ಹಡಗನ್ನು ಅರಬ್ ತೀರದಿಂದ ನಮ್ಮ ಕರಾವಳಿಗೆ ತರುತ್ತದೆ. ಚಳಿಗಾಲದ ಈಶಾನ್ಯ ಮಾರುತ ಮರಳಿ ಒಯ್ಯುತ್ತದೆ. ಆಷಾಢದ ಅಬ್ಬರದಲ್ಲಿ ಕರಾವಳಿಯ ಬಂದರುಗಳೇ ಮುಚ್ಚಿರುತ್ತಿದ್ದವು. ಹೋದವನು ಗಾಳಿ ತಿರುಗುವ ತನಕ ಹಿಂದಿರುಗುವಂತಿರಲಿಲ್ಲ. ಈ ಕಟ್ಟಿಗೆ ಒಳಪಟ್ಟೇ ಖರ್ಜೂರ ಅತ್ತ ಹೋಯಿತು, ಅಕ್ಕಿ ಇತ್ತ ಬಂತು. ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. ಸೂರಿನಲ್ಲಿ ಹಡಗು ಕಟ್ಟಲು ಮಲಬಾರಿನ ತೇಗ ಬರುತ್ತಿತ್ತು.

1951ನೆಯ ವರ್ಷವನ್ನು ನಾವು ವಿಶೇಷವಾಗಿ ನೆನೆಯಬೇಕು. ಸೂರಿನ ಹೆಸರಾಂತ ಹಾಯಿಹಡಗು ಫತಹ್ ಅಲ್ ಖೈರ್ ಕಟ್ಟಿದ್ದು ಆ ವರ್ಷ. ಬಜ್ಪೆಯ ವಿಮಾನ ನಿಲ್ದಾಣ ತೆರೆದದ್ದೂ ಅದೇ ವರ್ಷ, ಡಿಸೆಂಬರ್ 25ರಂದು. ಒಂದು ಯುಗ ಮುಗಿಯುತ್ತಿದ್ದಾಗಲೇ ಇನ್ನೊಂದು ಮೊದಲಾಗಿತ್ತು. ಆದರೂ ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ, ಮೊದಲು ದುಬೈಗೆ, ಹಾರಲು 2006 ಬರಬೇಕಾಯಿತು. ಅಲ್ಲಿಯವರೆಗೆ ಮುಂಬಯಿ ಸುತ್ತಿ ಹೋಗುವುದೇ ನಮ್ಮವರ ಪಾಡಾಗಿತ್ತು.

ಹಾಯಿಯ ಕಾಲದಲ್ಲಿ ಮನೆಯಲ್ಲೊಂದು ಸಾವಾದರೆ, ಸುದ್ದಿಯೂ ಗಾಳಿಗಾಗಿ ಕಾಯಬೇಕಿತ್ತು. ಮಗ ಬರುವ ಹೊತ್ತಿಗೆ ವರ್ಷಾಂತಿಕವೇ ಕಳೆದಿರಬಹುದಿತ್ತು. ಇಂದು ರಾತ್ರಿ ಫೋನು ಬಂದರೆ, ಟಿಕೇಟೂ ರಜೆಯೂ ಸಿಕ್ಕ ಪಕ್ಷದಲ್ಲಿ ಮರುದಿನ ಸಂಜೆಯೊಳಗೆ ಮನೆಯ ಜಗಲಿ ಹತ್ತಬಹುದು. ಗಾಳಿಗಾಗಿ ಕಾಯುವುದು ತಪ್ಪಿತು. ರಜೆಗಾಗಿ ಕಾಯುವುದು ಉಳಿಯಿತು.

ಯೆಮನ್‌ಗೆ ಮಾರಿಹೋಗಿದ್ದ ಫತಹ್ ಅಲ್ ಖೈರನ್ನು ಸೂರಿನ ಜನ 1993ರಲ್ಲಿ ಮರಳಿ ತಂದು ತಮ್ಮ ತೀರದಲ್ಲೇ ನಿಲ್ಲಿಸಿದ್ದಾರೆ. ಓದುಗ ಬಂಧುಗಳು ಒಮ್ಮೆ ಮಕ್ಕಳನ್ನು ಕರೆದೊಯ್ದು ಅದನ್ನು ತೋರಿಸಬೇಕು. 3 ಗಂಟೆಯೂ ದೀರ್ಘವೆಂದು ಗೊಣಗುವ ಮಕ್ಕಳಿಗೆ, 65 ದಿನವೆಂದರೇನೆಂಬುದು ಆ ಹಲಗೆಗಳ ಎದುರು ನಿಂತಾಗ ಸ್ವಲ್ಪವಾದರೂ ತಿಳಿದೀತು.