ಮನೆಯ ಗಣಕಯಂತ್ರ ಮೇಜಿನ ಪರಿಕರಗಳು

ಮನೆಯಲ್ಲಿ ಕುಳಿತು ಓದುವವರ ಅಥವಾ ದುಡಿಯುವವರ ದೇಹಕ್ಕೆ ಆಯಾಸವಾಗದಂತೆ ಗಣಕಯಂತ್ರದೊಂದಿಗೆ ಬಳಸುವ ಪ್ರತ್ಯೇಕ ಕೀಲಿಮಣೆ, ಮೌಸ್, ಲ್ಯಾಪ್‌ಟಾಪ್ ಸ್ಟ್ಯಾಂಡ್, ಯುಪಿಎಸ್ ಮುಂತಾದ ಸಾಧನಗಳನ್ನು ಗಣಕಯಂತ್ರ ಮೇಜಿನ ಪರಿಕರಗಳು ಎನ್ನಲಾಗುತ್ತದೆ.

ದೇಹಭಂಗಿ

ಲ್ಯಾಪ್‌ಟಾಪ್‌ನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಕೂಡಿಕೊಂಡಿರುವುದೇ ಮುಖ್ಯ ತೊಡಕು. ಕೈಗೆ ಅನುಕೂಲವಾಗುವಂತೆ ಇಟ್ಟರೆ ಕತ್ತು ಬಾಗುತ್ತದೆ. ಕಣ್ಣಿನ ಮಟ್ಟಕ್ಕೆ ಏರಿಸಿದರೆ ಭುಜಗಳು ಮೇಲೇಳುತ್ತವೆ. ಆದ್ದರಿಂದ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, 50ರಿಂದ 100 ಸೆಂ.ಮೀ. ದೂರದಲ್ಲಿ ಇರುವಂತೆ ಇಟ್ಟು, ಪ್ರತ್ಯೇಕ ಕೀಲಿಮಣೆಯನ್ನು ಮೊಣಕೈ ಎತ್ತರದಲ್ಲಿ ಬಳಸುವುದು ಸೂಕ್ತ. ಸ್ಟ್ಯಾಂಡಿನ ಬದಲು ದಪ್ಪ ಪುಸ್ತಕಗಳೂ ಸಾಕಾಗುತ್ತವೆ. ಮೊದಲು ಕೊಳ್ಳಬೇಕಾದುದು ಕೀಲಿಮಣೆ.

ಕೀಲಿಮಣೆ ಮತ್ತು ಭಾಷೆ

ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಬಳಕೆಯಲ್ಲಿವೆ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿರುವ ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಕನ್ನಡ, ಮರಾಠಿ ಎರಡನ್ನೂ ಬರೆಯುವವರಿಗೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಉಪಯುಕ್ತ. 1991ರ ಭಾರತೀಯ ಮಾನಕ ಐಎಸ್ 13194ರಲ್ಲಿ ಸೇರಿರುವ ಈ ವಿನ್ಯಾಸದಲ್ಲಿ ಬ್ರಾಹ್ಮಿ ಮೂಲದ ಲಿಪಿಗಳ ಸಮಾನ ಅಕ್ಷರಗಳಿಗೆ ಒಂದೇ ಸ್ಥಾನವಿದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಬರುತ್ತವೆ. ಎರಡೂ ಭಾಷೆಗಳಲ್ಲಿ ‘ಕ’ಕಾರಕ್ಕೆ ‘ಕೆ’ ಕೀಲಿ, ‘ಳ’ಕಾರಕ್ಕೆ ಶಿಫ್ಟ್ ಒತ್ತಿ ‘ಎನ್’ ಕೀಲಿ. ಹೀಗಾಗಿ ಒಂದನ್ನು ಕಲಿತವರು ಇನ್ನೊಂದನ್ನು ಮತ್ತೆ ಕಲಿಯಬೇಕಿಲ್ಲ. ಬಲದಿಂದ ಎಡಕ್ಕೆ ಬರೆಯುವ ಉರ್ದುವಿಗೆ ಬೇರೆಯೇ ವಿನ್ಯಾಸ ಬೇಕು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಅಕ್ಷರಸ್ಥಾನಗಳೂ ಇದಕ್ಕಿಂತ ಭಿನ್ನ.

ವಿದ್ಯುತ್

ಡೆಸ್ಕ್‌ಟಾಪ್ ಇದ್ದಲ್ಲಿ ಯುಪಿಎಸ್ ಅಗತ್ಯ. ವಿದ್ಯುತ್ ಹೋದಾಗ ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಅದು ಕೆಲವು ನಿಮಿಷ ನೀಡುತ್ತದೆ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ, ಆನ್‌ಲೈನ್ ತರಗತಿ ನಿಲ್ಲದಿರಲು ರೌಟರ್‌ಗೆ ಸಣ್ಣ ಯುಪಿಎಸ್ ಇದ್ದರೆ ಸಾಕು.