ನಾದವೂ ವರ್ಣವೂ: ಒಂದೇ ಯಂತ್ರದಲ್ಲಿ ಇವುಗಳ ಸಹವಾಸದ ಚರಿತ್ರೆ

ಕಿವಿಗೆ ಇಂಪಾದುದು ಅದೇ ಕ್ಷಣದಲ್ಲಿ ಕಣ್ಣಿಗೂ ಗೋಚರವಾಗಬೇಕೆಂಬ ಆಸೆಯು ಬಹಳ ಹಳೆಯದು. ಈಗಿನ ಕಲಾವಿದನೊಬ್ಬನು ಸಣ್ಣದೊಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿರಿಸಿ, ಸಂಗೀತದ ತಂತ್ರಾಂಶವನ್ನೂ ಚಿತ್ರದ ತಂತ್ರಾಂಶವನ್ನೂ ಜೊತೆಯಾಗಿ ನಡೆಯಿಸಿ, ಸಭೆಯ ಕಣ್ಣೆದುರಿನಲ್ಲಿಯೇ ನಾದವನ್ನೂ ಬೆಳಕನ್ನೂ ನಿರ್ಮಿಸುತ್ತಾನೆ. ನೋಡುವವರಿಗೆ ಇದು ನಿನ್ನೆ ಮೊನ್ನೆ ಹುಟ್ಟಿದ ವಿನೋದವೆಂದು ತೋರಬಹುದು. ವಸ್ತುತಃ ಇದರ ಹಿಂದೆ ಸುಮಾರು ಮುನ್ನೂರು ವರ್ಷಗಳ ಪ್ರಯತ್ನವೂ, ಅನೇಕರ ಆಶಾಭಂಗವೂ, ಇಂದಿಗೂ ತೀರದಿರುವ ಒಂದು ವ್ಯಾಜ್ಯವೂ ಇವೆ.

ನ್ಯೂಟನ್ ಪಂಡಿತನು ೧೭೦೪ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಎಂಬ ಗ್ರಂಥದಲ್ಲಿ ಬೆಳಕಿನ ಏಳು ಬಣ್ಣಗಳನ್ನು ಸಂಗೀತದ ಸ್ವರಾಂತರಗಳೊಡನೆ ಹೋಲಿಸಿದ್ದನು. ಫ್ರಾನ್ಸ್ ದೇಶದ ಲೂಯಿ ಬರ್ತ್ರಾಂ ಕಾಸ್ತೆಲ್ ಎಂಬ ಜೆಸ್ಯುಯಿಟ್ ಗಣಿತಜ್ಞನು ಬಣ್ಣಗಳ ವಿಷಯದಲ್ಲಿ ನ್ಯೂಟನ್ನನ ಮತವನ್ನು ಒಪ್ಪದವನಾದರೂ, ಸ್ವರಕ್ಕೂ ವರ್ಣಕ್ಕೂ ನಂಟುಂಟೆಂಬ ಭಾವನೆಯನ್ನು ಮಾತ್ರ ಬಿಡಲಿಲ್ಲ. ಕೀಲಿಯೊಂದನ್ನು ಒತ್ತಿದೊಡನೆ ಅದರದೇ ಆದ ಬಣ್ಣವು ಹೊರತೋರುವಂತಹ ‘ಕಣ್ಣಿನ ಹಾರ್ಪ್ಸಿಕಾರ್ಡ್’ ಎಂಬ ವಾದ್ಯವನ್ನು ಆತನು ೧೭೨೫ರಲ್ಲಿ ಸೂಚಿಸಿದನು. ಜರ್ಮನಿಯ ಪ್ರಸಿದ್ಧ ಸಂಗೀತಕಾರನಾದ ಟೆಲೆಮಾನನು ೧೭೩೯ರಲ್ಲಿ ಅದರ ವಿವರಣೆಯನ್ನು ಬರೆದನು. ಆದರೆ ಮೇಣದ ಬತ್ತಿಯ ಬೆಳಕನ್ನು ನೆಚ್ಚಿಕೊಂಡ ಆ ಕಾಲದಲ್ಲಿ ಸಭಾಮಂದಿರವನ್ನು ಬಣ್ಣದಿಂದ ತುಂಬುವುದು ಎಲ್ಲಿಂದ ಸಾಧ್ಯವಾದೀತು? ೧೭೫೭ರಲ್ಲಿ ಕಾಸ್ತೆಲನು ಕಾಲವಾದಾಗ ಅವನ ಕನಸು ಕನಸಾಗಿಯೇ ಉಳಿದಿದ್ದಿತು.

ವಿದ್ಯುದ್ದೀಪವು ಬಂದ ಮೇಲೆ ಆ ಕನಸಿಗೆ ಮರಳಿ ಜೀವ ಬಂದಿತು. ಇಂಗ್ಲೆಂಡಿನ ಚಿತ್ರಕಾರನಾದ ರಿಮಿಂಗ್ಟನ್ ಎಂಬಾತನು ೧೮೯೩ರಲ್ಲಿ ವರ್ಣವಾದ್ಯವೊಂದಕ್ಕೆ ಹಕ್ಕುಪತ್ರವನ್ನು ಪಡೆದು, ೧೮೯೫ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸಸ್ ಹಾಲಿನಲ್ಲಿ ಅದನ್ನು ಪ್ರದರ್ಶಿಸಿದನು. ಆ ವಾದ್ಯವು ಬೆಳಕನ್ನು ಕೊಡುತ್ತಿದ್ದಿತೇ ಹೊರತು ಧ್ವನಿಯನ್ನಲ್ಲ. ಸಂಗೀತಕ್ಕೆ ಬೇರೆಯ ವಾದ್ಯವೂ ಬೇರೆಯ ವಾದಕನೂ ಬೇಕಾಗಿದ್ದರು.

ರಷ್ಯಾದ ಸ್ಕ್ರಿಯಾಬಿನನ ಕಥೆಯು ಇನ್ನೂ ಕರುಣಾಜನಕವಾದುದು. ‘ಪ್ರೊಮಿಥಿಯಸ್’ ಎಂಬ ತನ್ನ ಕೃತಿಯ ಸ್ವರಲಿಪಿಯಲ್ಲಿ ಪಿಟೀಲು ಕೊಳಲುಗಳಿಗೆ ಬರೆಯುವಂತೆಯೇ ಬೆಳಕಿಗೂ ಒಂದು ಪಙ್ಕ್ತಿಯನ್ನು ಆತನು ಬರೆದಿಟ್ಟನು. ೧೯೧೧ರಲ್ಲಿ ಮಾಸ್ಕೋ ನಗರದಲ್ಲಿ ಆ ಕೃತಿಯು ಮೊದಲ ಸಲ ನುಡಿದಾಗ ಬೆಳಕಿನ ಯಂತ್ರವಿಲ್ಲದೆ ಆ ಪಙ್ಕ್ತಿಯು ಮೂಕವಾಗಿ ಉಳಿಯಿತು. ೧೯೧೫ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ಅದನ್ನು ಬೆಳಕಿನೊಡನೆ ನುಡಿಸಿದರು. ರಷ್ಯಾದಲ್ಲಿದ್ದ ಸ್ಕ್ರಿಯಾಬಿನನು ಅದನ್ನು ಕಾಣಲಿಲ್ಲ, ಮರುತಿಂಗಳೇ ತೀರಿಕೊಂಡನು. ಯಾವ ಶ್ರುತಿಗೆ ಯಾವ ಬಣ್ಣವೆಂಬುದರಲ್ಲಿಯೂ ಬಲ್ಲವರಿಗೆ ಒಮ್ಮತವಿರಲಿಲ್ಲ. ಸಿ-ಮೇಜರ್ ಎಂಬ ಶ್ರುತಿಯು ಸ್ಕ್ರಿಯಾಬಿನನಿಗೆ ಕೆಂಪಾಗಿಯೂ, ಅವನ ದೇಶದವನೇ ಆದ ರಿಮ್ಸ್ಕಿ-ಕೋರ್ಸಕೋವನಿಗೆ ಬಿಳಿಯದಾಗಿಯೂ ತೋರುತ್ತಿದ್ದಿತು.

ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಥಾಮಸ್ ವಿಲ್‌ಫ್ರೆಡನು ಬೇರೊಂದು ದಾರಿಯನ್ನು ಹಿಡಿದನು. ೧೯೨೨ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ‘ಕ್ಲಾವಿಲಕ್ಸ್’ ಯಂತ್ರವನ್ನು ನುಡಿಸಿದ ಆತನ ಮತದಲ್ಲಿ ಬೆಳಕಿನ ಕಲೆಯು ಸಂಗೀತದ ದಾಸಿಯಲ್ಲ. ಅದು ಮೌನದಲ್ಲಿಯೇ ಪೂರ್ಣವಾದುದು. ಹೀಗೆ ಇಬ್ಬರು ವಾದಕರು ಬೇಕೆನ್ನುವ ಕಷ್ಟವನ್ನು ಆತನು ಸಂಗೀತವನ್ನೇ ಬಿಟ್ಟು ಕಳೆದುಕೊಂಡನು.

ಎರಡನ್ನೂ ಒಂದೇ ಕೈಗೆ ತಂದುದು ಗಣಕಯಂತ್ರವು. ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸನು ೧೯೫೭ರಲ್ಲಿ ಗಣಕದಿಂದ ನಾದವನ್ನು ಹೊರಡಿಸಿದನು. ಅಲ್ಲಿಯೇ ೧೯೭೦ರ ಹೊತ್ತಿಗೆ, ವಾದಕನು ತಿರುಗಿಸಿದ ಗುಂಡಿಗಳ ಚಲನೆಯನ್ನು ಕಾಲಕ್ರಮದಲ್ಲಿ ದಾಖಲೆ ಮಾಡಿಕೊಂಡು ವಾದ್ಯವನ್ನು ನಡೆಯಿಸುವ ‘ಗ್ರೂವ್’ ಎಂಬ ವ್ಯವಸ್ಥೆಯು ಸಿದ್ಧವಾಯಿತು. ಆ ದಶಕದ ನಡುವಿನಲ್ಲಿ ಲಾರೀ ಸ್ಪೀಗಲ್ ಎಂಬಾಕೆಯು ಅದೇ ಕ್ರಮವನ್ನು ಚಿತ್ರಕ್ಕೂ ಅಳವಡಿಸಿದರು. ಸ್ವರದ ಏರಿಳಿತವನ್ನು ಆಳುತ್ತಿದ್ದ ವಿಧಾನವೇ ಬಣ್ಣ ಆಕಾರಗಳನ್ನೂ ಆಳತೊಡಗಿತು. ಆದರೆ ಆ ಗಣಕವು ಒಂದು ಕೋಣೆಯಷ್ಟು ದೊಡ್ಡದು; ಹೊತ್ತೊಯ್ಯುವಂತಹುದಲ್ಲ.

ಮುಂದೆ ಪ್ಯಾರಿಸಿನ ಇರ್ಕಾಮ್ ಸಂಸ್ಥೆಯಲ್ಲಿದ್ದ ಮಿಲ್ಲರ್ ಪಕೆಟ್ ಎಂಬುವರು ೧೯೮೦ರ ದಶಕದಲ್ಲಿ ರಚಿಸಿದ ತಂತ್ರಾಂಶಕ್ಕೆ ಮ್ಯಾಥ್ಯೂಸನ ಗೌರವಾರ್ಥವಾಗಿ ‘ಮ್ಯಾಕ್ಸ್’ ಎಂಬ ಹೆಸರಾಯಿತು. ೧೯೯೬ರಲ್ಲಿ ಅವರೇ ಹೊರತಂದ ‘ಪ್ಯೂರ್ ಡೇಟಾ’ಕ್ಕೆ ಮಾರ್ಕ್ ಡ್ಯಾಂಕ್ಸರ ‘ಜೆಮ್’ ಎಂಬ ಚಿತ್ರಾಂಗವು ಕೂಡಿತು. ‘ಮ್ಯಾಕ್ಸ್’ಗೂ ೨೦೦೩ರ ಹೊತ್ತಿಗೆ ‘ಜಿಟರ್’ ಎಂಬ ಚಿತ್ರಾಂಗವು ದೊರೆಯಿತು. ಅಷ್ಟರಲ್ಲಿ ಲ್ಯಾಪ್‌ಟಾಪುಗಳಿಗೂ ಈ ಭಾರವನ್ನು ಹೊರುವ ಶಕ್ತಿ ಬಂದಿದ್ದಿತು. ಕಾಸ್ತೆಲನು ಬಯಸಿದ ವಾದ್ಯವು ಹೆಗಲಚೀಲದಲ್ಲಿ ಹಿಡಿಸುವಂತಾಯಿತು.

ಹಳೆಯ ವ್ಯಾಜ್ಯವು ಮತ್ತೆ ತಲೆಯೆತ್ತಿದುದು ಇಲ್ಲಿಯೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತೆ, ಒಂದೇ ನೊಗಕ್ಕೆ ಕಟ್ಟಿದ ನಾದಕ್ಕೂ ಚಿತ್ರಕ್ಕೂ ನಡಿಗೆಯು ಬೇರೆ ಬೇರೆ. ಸಾಮಾನ್ಯವಾಗಿ ನಾದಕ್ಕೆ ಸೆಕೆಂಡಿಗೆ ೪೪,೧೦೦ ಅಂಕಗಳು ಬೇಕು. ಚಿತ್ರವು ಸೆಕೆಂಡಿಗೆ ೬೦ ಸಲ ಬದಲಾದರೆ ಸಾಕು; ಆದರೆ ೧೯೨೦ಕ್ಕೆ ೧೦೮೦ರ ಪ್ರಮಾಣದ ತೆರೆಯಲ್ಲಿ ಒಂದೊಂದು ಸಲಕ್ಕೂ ೨೦ ಲಕ್ಷಕ್ಕೆ ಮೇಲ್ಪಟ್ಟ ಬಿಂದುಗಳನ್ನು, ಎಂದರೆ ಸೆಕೆಂಡಿಗೆ ೧೨ ಕೋಟಿಗೂ ಹೆಚ್ಚು ಬಿಂದುಗಳನ್ನು ತುಂಬಬೇಕು. ಚಿತ್ರದ ಚೌಕಟ್ಟೊಂದು ತಪ್ಪಿದರೆ ಕಣ್ಣು ಬಹುಮಟ್ಟಿಗೆ ಕ್ಷಮಿಸುತ್ತದೆ. ನಾದವು ಕೆಲವೇ ಮಿಲಿಸೆಕೆಂಡುಗಳ ಕಾಲ ಕಡಿದರೂ ಕಿವಿಗೆ ‘ಟಪ್’ ಎಂಬ ಅಪಸ್ವರವು ಬಡಿಯುತ್ತದೆ. ಸಭೆಯೆಲ್ಲವೂ ತಿರುಗಿ ನೋಡುತ್ತದೆ.

ಈ ಅಪಾಯಕ್ಕೆ ಮದ್ದಾಗಿ ಬಫರ್ ಎಂಬ ಸಣ್ಣ ತೊಟ್ಟಿಯಲ್ಲಿ ನಾದವನ್ನು ಮುಂಚಿತವಾಗಿಯೇ ತುಂಬಿಡುತ್ತಾರೆ. ೨೫೬ ಅಂಕಗಳ ತೊಟ್ಟಿಯು ಸುಮಾರು ೬ ಮಿಲಿಸೆಕೆಂಡುಗಳಲ್ಲಿ ಬರಿದಾಗುತ್ತದೆ. ತೊಟ್ಟಿಯನ್ನು ೧೦೨೪ಕ್ಕೆ ಹಿಗ್ಗಿಸಿದರೆ ೨೩ ಮಿಲಿಸೆಕೆಂಡುಗಳ ಬಿಡುವು ದೊರೆಯುವುದು ನಿಜ; ಆದರೆ ಕೀಲಿಯನ್ನು ಒತ್ತಿದ ಕೈಗೂ ಕೇಳುವ ಕಿವಿಗೂ ನಡುವೆ ಅಷ್ಟೇ ವಿಳಂಬವು ಹುಟ್ಟುತ್ತದೆ. ಚಿತ್ರದ ಕೆಲಸವನ್ನು ಅದಕ್ಕೆಂದೇ ಇರುವ ಪ್ರತ್ಯೇಕ ಸಂಸ್ಕಾರಕಕ್ಕೆ ಒಪ್ಪಿಸಿದರೂ ಯಂತ್ರದ ಒಡಲು ಒಂದೇ ಆದುದರಿಂದ ಬಿಸಿಯನ್ನು ಇಬ್ಬರೂ ಹಂಚಿಕೊಳ್ಳಲೇಬೇಕು. ಬಿಸಿಯು ಮಿತಿಮೀರಿದರೆ ಯಂತ್ರವು ತಾನಾಗಿಯೇ ವೇಗವನ್ನು ಇಳಿಸುತ್ತದೆ. ಆದಕಾರಣ ಅನುಭವಿಗಳು ನಾದಕ್ಕೆ ಅಗ್ರಸ್ಥಾನವನ್ನು ಕೊಟ್ಟು, ಚಿತ್ರದ ಪ್ರಮಾಣವನ್ನೋ ವೇಗವನ್ನೋ ತಗ್ಗಿಸುತ್ತಾರೆ.

ಇನ್ನು ಕೆಲವರು ಎರಡು ಲ್ಯಾಪ್‌ಟಾಪುಗಳನ್ನೇ ಇಡುತ್ತಾರೆ. ಒಂದು ನುಡಿಯುತ್ತದೆ, ಇನ್ನೊಂದು ಬೆಳಗುತ್ತದೆ. ಬರ್ಕ್ಲಿಯಲ್ಲಿ ೧೯೯೭ರಲ್ಲಿ ರೂಪಗೊಂಡ ‘ಓಪನ್ ಸೌಂಡ್ ಕಂಟ್ರೋಲ್’ ಎಂಬ ಸಂಕೇತಪದ್ಧತಿಯ ಮೂಲಕ ತಾಳ, ಶ್ರುತಿ, ಗಟ್ಟಿತನಗಳ ಸುದ್ದಿಯು ಮಾತ್ರ ತಂತಿಯಲ್ಲಿ ಹರಿದುಹೋಗುತ್ತದೆ. ರಿಮಿಂಗ್ಟನ್ನನ ಕಾಲದ ಎರಡು ವಾದ್ಯಗಳ ಏರ್ಪಾಡಿಗೇ ಕಲೆಯು ಹೀಗೆ ಒಂದು ಸುತ್ತು ಬಂದು ಮರಳಿದಂತಾಯಿತು. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವಿಷ್ಟೆ: ಅಂದು ಇಬ್ಬರು ವಾದಕರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಹೊಂದಿಕೊಳ್ಳಬೇಕಾಗಿದ್ದಿತು, ಇಂದು ಒಬ್ಬನೇ ಕುಳಿತು ಎರಡನ್ನೂ ನಡೆಯಿಸಬಹುದು. ಆದರೂ ಯಂತ್ರವು ಒಂದಾದ ಮಾತ್ರಕ್ಕೆ ಕಲೆಗಳೆರಡೂ ಒಂದಾಗಲಿಲ್ಲ. ಯಾವುದು ಯಾವಾಗ ಮುಂದಾಗಬೇಕು, ಯಾವುದು ಹಿಂದೆ ಸರಿಯಬೇಕು ಎಂಬ ತೀರ್ಮಾನವು ಸ್ಕ್ರಿಯಾಬಿನನ ಕಾಲದಲ್ಲಿದ್ದಂತೆಯೇ ಈಗಲೂ ಕಲಾವಿದನ ವಿವೇಕಕ್ಕೇ ಉಳಿದಿದೆ.